ರಂಗಸ್ಥಳಕ್ಕೆ ಕಾರ್ಡ್‌ಲೆಸ್ ಮೈಕು

ಕಾರ್ಡ್‌ಲೆಸ್ ಮೈಕು ಎಂದರೆ ಒಂದು ಪುಟ್ಟ ಬಾನುಲಿ ಕೇಂದ್ರ ಮತ್ತು ಅದೊಂದನ್ನೇ ಆಲಿಸುವ ಒಂದು ರೇಡಿಯೊ. ಮಾತನಾಡುವವರ ಕೈಯಲ್ಲೋ ಸೊಂಟದಲ್ಲೋ ಇರುವ ಟ್ರಾನ್ಸ್‌ಮಿಟರ್ ಧ್ವನಿಯನ್ನು ರೇಡಿಯೊ ತರಂಗದ ಮೇಲೆ ಏರಿಸಿ ಕಳಿಸುತ್ತದೆ. ರಿಸೀವರ್ ಆ ತರಂಗವನ್ನು ಹಿಡಿದು, ಧ್ವನಿಯ ಸಂಕೇತವನ್ನು ಬೇರ್ಪಡಿಸಿ ಮಿಕ್ಸರಿಗೆ ಕೊಡುತ್ತದೆ. ಅಲ್ಲಿಂದ ಮುಂದೆ ಆಂಪ್ಲಿಫೈಯರ್, ಬಾಕ್ಸ್ ಎಲ್ಲವೂ ತಂತಿಯ ಮೈಕಿಗೆ ಇರುವಂಥವೇ. ಹತ್ತಿಪ್ಪತ್ತು ಮೀಟರ್ ತಂತಿಯ ಬದಲು ಅಷ್ಟೇ ದೂರದ ರೇಡಿಯೊ ದಾರಿ ಬಂದಿದೆ. ಕಾರ್ಡ್‌ಲೆಸ್ ಮೈಕಿನ ಅನುಕೂಲವೂ ತೊಡಕೂ ಎರಡೂ ಹುಟ್ಟುವುದು ಆ ದಾರಿಯಲ್ಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಇದು ಈಗ ಮದುವೆ ಮನೆಗೂ, ದೇವಸ್ಥಾನದ ಸಭೆಗೂ, ಬನವಾಸಿಯ ಕದಂಬೋತ್ಸವದ ದೊಡ್ಡ ವೇದಿಕೆಗೂ ಬೇಕಾದ ಸಲಕರಣೆ. ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ನಿಂತು ಮಾತನಾಡುತ್ತಾರೆ. ಮೈಕಿಗೆ ಅಲ್ಲಿ ಹೆಚ್ಚಿನ ಕಷ್ಟವಿಲ್ಲ. ಅದರ ನಿಜವಾದ ಪರೀಕ್ಷೆ ನಡೆಯುವುದು ಯಕ್ಷಗಾನದ ರಂಗಸ್ಥಳದಲ್ಲಿ. ಕುಣಿಯುವ, ತಿರುಗುವ, ಮೊಣಕಾಲೂರುವ ಪಾತ್ರ ಮರುಕ್ಷಣ ಸ್ಪಷ್ಟವಾಗಿ ಅರ್ಥ, ಅಂದರೆ ತನ್ನ ಮಾತು, ಹೇಳಬೇಕು. ಎರಡು ಮಾರು ದೂರದಲ್ಲಿ ಚಂಡೆ ಮೊಳಗುತ್ತಿರುತ್ತದೆ. ವೇಷದ ಮೇಲೆಲ್ಲ ಸದ್ದು ಮಾಡುವ ಆಭರಣಗಳು, ಒಳಗೆಲ್ಲ ಬೆವರು. ರಂಗಸ್ಥಳದಲ್ಲಿ ಸರಿಯಾಗಿ ಕೆಲಸ ಮಾಡಿದ ವ್ಯವಸ್ಥೆ ಬೇರೆಲ್ಲ ಕಡೆಯೂ ಸಲೀಸಾಗಿ ನಡೆಯುತ್ತದೆ.

ರಂಗಭೂಮಿಯಲ್ಲೂ ಸಿನಿಮಾದಲ್ಲೂ ಈ ಸಲಕರಣೆ ಹೊಸದಲ್ಲ. 1964ರ ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ತನ್ನ ಹಾಡುಗಳನ್ನು ಮೊದಲೇ ಮುದ್ರಿಸಿಟ್ಟು ತುಟಿ ಆಡಿಸಲು ಒಪ್ಪದ ಕಾರಣ, ಅವನ ಟೈಯೊಳಗೆ ತಂತಿರಹಿತ ಮೈಕನ್ನು ಅಡಗಿಸಿ ಅಲ್ಲಿಯೇ ಧ್ವನಿಮುದ್ರಣ ಮಾಡಲಾಯಿತು. ಮಾತು ಮತ್ತು ನಡೆ ಒಟ್ಟೊಟ್ಟಿಗೆ ಸಾಗುವ ಕಲೆಗೆ ಇಂಥ ಮೈಕು ಎಷ್ಟು ಅಗತ್ಯವೆಂಬುದು ಆಗಲೇ ಕಂಡಿತ್ತು. ಯಕ್ಷಗಾನದಲ್ಲಿ ಬಹುಕಾಲ ರಂಗಸ್ಥಳದ ಮುಂಭಾಗದಲ್ಲಿ ತೂಗುಬಿಟ್ಟ ಮೈಕುಗಳೇ ಆಧಾರವಾಗಿದ್ದವು. ಪಾತ್ರ ಕುಣಿದು ಮುಗಿಸಿ ಮೈಕಿನ ಬುಡಕ್ಕೆ ಬಂದು ಅರ್ಥ ಹೇಳಬೇಕಿತ್ತು. ರಂಗದ ಚಲನೆಯನ್ನು ಮೈಕೇ ನಿರ್ಧರಿಸುವಂತಾಗಿತ್ತು. ಕಾರ್ಡ್‌ಲೆಸ್ ಮೈಕು ಆ ಕಟ್ಟನ್ನು ಬಿಡಿಸಿತು.

ಬಿಡಿಸಿತು ಎಂದು ಎಲ್ಲರಿಗೂ ಅದನ್ನೇ ಸಿಕ್ಕಿಸುವುದು ತಪ್ಪು. ಭಾಗವತರು, ಮದ್ದಳೆ, ಚಂಡೆ, ಅಂದರೆ ಇಡೀ ಹಿಮ್ಮೇಳ ಒಂದೇ ಜಾಗದಲ್ಲಿರುತ್ತದೆ. ಅವರಿಗೆ ತಂತಿಯ ಮೈಕೇ ಸರಿ: ಸೆಲ್ ಮುಗಿಯುವುದಿಲ್ಲ, ಸಂಕೇತ ಕಡಿಯುವುದಿಲ್ಲ, ಖರ್ಚೂ ಕಡಿಮೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳೂ ಕೂತೇ ಮಾತನಾಡುವುದರಿಂದ ಅಲ್ಲಿ ಒಂದೂ ಕಾರ್ಡ್‌ಲೆಸ್ ಬೇಡ. ಎದುರಿಗೊಂದು ಚಿಕ್ಕ ಸ್ಟ್ಯಾಂಡಿನಲ್ಲಿಟ್ಟ ತಂತಿಯ ಮೈಕು ಮಾತಿನ ಏರಿಳಿತವನ್ನು ಹೆಚ್ಚು ನಿಷ್ಠೆಯಿಂದ ಹಿಡಿಯುತ್ತದೆ. ಕಾರ್ಡ್‌ಲೆಸ್ ಬೇಕಾದದ್ದು ವೇಷಧಾರಿಗಳ ಮುಮ್ಮೇಳಕ್ಕೆ ಮಾತ್ರ. ಅದರಲ್ಲೂ ಒಂದು ದೃಶ್ಯದಲ್ಲಿ ಎಷ್ಟು ಪಾತ್ರಗಳು ಒಟ್ಟಿಗೆ ಮಾತನಾಡುತ್ತವೋ ಅಷ್ಟಕ್ಕೆ. ತೂಗುಮೈಕುಗಳನ್ನು ತೆಗೆದುಹಾಕುವುದೂ ಜಾಣತನವಲ್ಲ. ವೇಷಕ್ಕೆ ಸಿಕ್ಕಿಸುವ ಕಾರ್ಡ್‌ಲೆಸ್, ಅಂದರೆ ಕಾಲರ್ ಮೈಕು, ಕೈಕೊಟ್ಟಾಗ ಆಟ ನಿಲ್ಲದಂತೆ ಕಾಯುವುದು ಅವೇ.

ಬಾಯಿಗೆ ಹತ್ತಿರವಿರುವುದು ಕಾಲರ್ ಮೈಕಿನ ದೊಡ್ಡ ಲಾಭ. ತೆರೆದ ಜಾಗದಲ್ಲಿ ದೂರ ಅರ್ಧವಾದರೆ ಧ್ವನಿಯ ಮಟ್ಟ 6 ಡೆಸಿಬೆಲ್ ಏರುತ್ತದೆ. ಒಂದೂವರೆ ಮೀಟರ್ ಮೇಲಿರುವ ತೂಗುಮೈಕಿಗಿಂತ ಬಾಯಿಂದ 20 ಸೆಂಟಿಮೀಟರ್ ದೂರದ ಮೈಕಿಗೆ ಮಾತು 17 ಡೆಸಿಬೆಲ್‌ನಷ್ಟು ಹೆಚ್ಚು ಗಟ್ಟಿಯಾಗಿ ತಲುಪುತ್ತದೆ. ಆದ್ದರಿಂದ ಮಿಕ್ಸರಿನಲ್ಲಿ ಅಷ್ಟು ಕಡಿಮೆ ಏರಿಸಿದರೆ ಸಾಕು. ಬಾಕ್ಸಿನ ಶಬ್ದ ಮೈಕಿಗೆ ಮರಳಿ ಹೊಕ್ಕು ಕುಂಯ್ಗುಡುವ ಸಂಭವವೂ ಇಳಿಯುತ್ತದೆ. ಆದರೆ ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಈ ಲಾಭದಲ್ಲಿ 3 ಡೆಸಿಬೆಲ್ ಕರಗುತ್ತದೆ. ಎಂಟು ಮೈಕುಗಳನ್ನು ಒಟ್ಟಿಗೆ ತೆರೆದಿಟ್ಟರೆ 9 ಡೆಸಿಬೆಲ್ ಹೋದಂತೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತ ಪಾತ್ರದ ಮೈಕು ಬಂದ್ ಆಗಿರಬೇಕೆಂಬ ನಿಯಮದ ಹಿಂದೆ ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಈ ಲೆಕ್ಕವೂ ಇದೆ.

ಮೈಕು ಕೊಳ್ಳುವ ಮೊದಲು ನೋಡಬೇಕಾದದ್ದು ಅದು ಯಾವ ಆವರ್ತನದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು. ಹಳೆಯ ಯುಎಚ್‌ಎಫ್ ಮಾದರಿಗಳಲ್ಲಿ ಅನೇಕವು 700ರಿಂದ 800 ಮೆಗಾಹರ್ಟ್ಸ್ ನಡುವಿನವು. ಆ ಜಾಗ ಈಗ ಮೊಬೈಲಿನದು. 2022ರ ಸ್ಪೆಕ್ಟ್ರಂ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ದೇಶದ ಎಲ್ಲ ವಲಯಗಳಿಗೂ ರಿಲಯನ್ಸ್ ಜಿಯೋ ಕೊಂಡಿತು. ಮೊಬೈಲ್ ಸೇವೆ 703ರಿಂದ 748 ಮತ್ತು 758ರಿಂದ 803 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತದೆ. ಪ್ರೇಕ್ಷಕರ ಜೇಬಿನಲ್ಲಿರುವ ಫೋನುಗಳು ಉತ್ತರ ಕೊಡುವುದು ಈ ಮೊದಲ ತುಂಡಿನಲ್ಲಿ. ಹಿಂದಿನ ವರ್ಷಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಮೈಕು ಈಗ ಜನ ಸೇರುತ್ತಿದ್ದಂತೆ ಬುಸುಗುಟ್ಟತೊಡಗಿದರೆ ಮೊದಲು ಪರೀಕ್ಷಿಸಬೇಕಾದ ಕಾರಣ ಇದು. ಅದೇ ಹರಾಜಿನಲ್ಲಿ 600 ಮೆಗಾಹರ್ಟ್ಸ್ ಪಟ್ಟಿಯೂ ಇತ್ತು. ಆಗ ಯಾರೂ ಕೊಳ್ಳಲಿಲ್ಲ. ಮುಂದೆ ಅದೂ ಹೋಗಬಹುದೆಂಬ ಎಚ್ಚರ ಇಟ್ಟುಕೊಂಡೇ ಹಣ ಹಾಕುವುದು ಒಳ್ಳೆಯದು.

2.4 ಗಿಗಾಹರ್ಟ್ಸ್ ಪಟ್ಟಿಯ ಡಿಜಿಟಲ್ ಮೈಕುಗಳಿಗೆ ನಮ್ಮ ದೇಶದಲ್ಲಿ ಪರವಾನಗಿಯ ತೊಡಕಿಲ್ಲ. ಆದರೆ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ತುಂಬಿವೆ. ಈ ತರಂಗದ ಉದ್ದ 12.5 ಸೆಂಟಿಮೀಟರ್ ಮಾತ್ರ. ಮನುಷ್ಯರ ಮೈ, ಮಳೆಯಲ್ಲಿ ನೆಂದ ಎಲೆ ಇದನ್ನು ಸುಲಭವಾಗಿ ತಡೆಯುತ್ತವೆ. ಶಾಲೆಯ ಸಭಾಂಗಣಕ್ಕೆ ಇದು ಸಾಕು. ಎರಡು ವರ್ಷಕ್ಕೊಮ್ಮೆ ಶಿರಸಿಯ ಬಿಡಕಿಬೈಲಿನಲ್ಲಿ ಮಾರಿಕಾಂಬೆಯ ಜಾತ್ರೆ ನಡೆಯುವಾಗಿನಂಥ ಜನಸಾಗರದ ನಡುವೆ ಇದನ್ನೇ ನಂಬಿ ಕೂರುವುದು ಕಷ್ಟ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಮೈಕುಗಳಂತೂ ರಂಗಕ್ಕೆ ಆಗದು. ಅವುಗಳಲ್ಲಿ ಮಾತು ಬಾಕ್ಸಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ತಡವಾಗಬಹುದು. ತಾಳಕ್ಕೆ ಸರಿಯಾಗಿ ಮಾತು ಬೀಳಬೇಕಾದ ಕಡೆ ಅಷ್ಟು ತಡ ಸಹಿಸಲಾಗದ ಲೋಪ.

ಹಲವು ಮೈಕುಗಳನ್ನು ಒಟ್ಟಿಗೆ ಬಳಸುವಾಗ ಆವರ್ತನಗಳನ್ನು ಹಂಚುವುದರಲ್ಲಿ ಒಂದು ಸೂಕ್ಷ್ಮವಿದೆ. ಅಡಕೆ ಸಸಿ ನೆಟ್ಟಂತೆ ಸಮಾನ ಅಂತರದಲ್ಲಿ ಇಟ್ಟರೆ ಚೆಂದವೆನಿಸುತ್ತದೆ. ರೇಡಿಯೊದಲ್ಲಿ ಅದೇ ದೋಷ. ಮೂರು ಮೈಕುಗಳನ್ನು 600.0, 600.4, 600.8 ಮೆಗಾಹರ್ಟ್ಸ್‌ಗೆ ಇಟ್ಟಿದ್ದಾರೆ ಎನ್ನೋಣ. ಮೊದಲ ಎರಡು ಟ್ರಾನ್ಸ್‌ಮಿಟರ್‌ಗಳು ಹತ್ತಿರ ಬಂದಾಗ ಅವುಗಳ ತರಂಗಗಳು ಬೆರೆತು ಹೊಸ ತರಂಗಗಳು ಹುಟ್ಟುತ್ತವೆ. ಅವುಗಳಲ್ಲಿ ಬಲವಾದ ಒಂದು, ಎರಡನೆಯದರ ಇಮ್ಮಡಿಯಿಂದ ಮೊದಲನೆಯದನ್ನು ಕಳೆದಲ್ಲಿ ಇರುತ್ತದೆ: 1200.8ರಿಂದ 600.0 ಕಳೆದರೆ 600.8. ಮೂರನೆಯ ಮೈಕು ಕೂತಿರುವುದೂ ಅಲ್ಲೇ! ಕೃಷ್ಣ ಮತ್ತು ಅರ್ಜುನ ಎದುರುಬದುರಾದಾಗ, ದೂರದಲ್ಲಿ ನಿಂತ ಸುಭದ್ರೆಯ ಮೈಕು ಕರಕರ ಎನ್ನುವುದಕ್ಕೆ ಕಾರಣ ಹೀಗೂ ಇರಬಹುದು. ಮೂರನೆಯದನ್ನು 601.1ಕ್ಕೆ ಸರಿಸಿದರೆ ಈ ಘರ್ಷಣೆ ತಪ್ಪುತ್ತದೆ. ಒಳ್ಳೆಯ ಕಂಪನಿಗಳು ಇಂಥ ಹೊಂದಾಣಿಕೆಯನ್ನು ಲೆಕ್ಕ ಹಾಕಿ ಗ್ರೂಪ್, ಚಾನೆಲ್ ಎಂದು ಮೊದಲೇ ಕೊಟ್ಟಿರುತ್ತವೆ. ಎಲ್ಲ ಮೈಕುಗಳಿಗೂ ಒಂದೇ ಗ್ರೂಪ್, ಪ್ರತಿಯೊಂದಕ್ಕೂ ಬೇರೆ ಚಾನೆಲ್ ಇಟ್ಟರೆ ಕೈಲೆಕ್ಕದ ಅಗತ್ಯ ಬೀಳದು.

ಆವರ್ತನ ಗೊತ್ತುಮಾಡಲು ಒಂದು ಕ್ರಮವಿದೆ. ಟ್ರಾನ್ಸ್‌ಮಿಟರ್‌ಗಳನ್ನೆಲ್ಲ ಬಂದ್ ಮಾಡಿ ರಿಸೀವರ್‌ಗಳನ್ನು ಮಾತ್ರ ಹಾಕಬೇಕು. ಯಾವ ಮೈಕೂ ಇಲ್ಲದೆ ರಿಸೀವರಿನ ಸಂಕೇತದ ದೀಪ ಹೊತ್ತಿದರೆ ಆ ಚಾನೆಲಿನಲ್ಲಿ ಬೇರೆ ಯಾರೋ ಇದ್ದಾರೆ ಎಂದರ್ಥ. ಖಾಲಿ ಚಾನೆಲ್ ಸಿಕ್ಕ ಮೇಲೆ ಮೊದಲ ಟ್ರಾನ್ಸ್‌ಮಿಟರ್ ಹಾಕಿ ಅದನ್ನು ಹಾಗೆಯೇ ಬಿಟ್ಟು, ನಂತರ ಎರಡನೆಯದನ್ನು, ಮೂರನೆಯದನ್ನು ಸೇರಿಸುತ್ತ ಹೋಗಬೇಕು. ಈ ಕೆಲಸ ರಂಗಸ್ಥಳದ ಎಲ್‌ಇಡಿ ದೀಪ, ಸೀರಿಯಲ್ ಸೆಟ್ ಎಲ್ಲ ಹೊತ್ತಿದ ಮೇಲೆಯೇ ಆಗಬೇಕು, ಏಕೆಂದರೆ ಅಗ್ಗದ ಎಲ್‌ಇಡಿ ಡ್ರೈವರುಗಳೂ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಮಧ್ಯಾಹ್ನ ಸರಿಯಿದ್ದ ಮೈಕು ರಾತ್ರಿ ಕೆಡುವುದುಂಟು.

ಇನ್ನು ರಿಸೀವರಿನ ಜಾಗ. ಮಿಕ್ಸರ್ ಪ್ರೇಕ್ಷಕರ ಹಿಂದಿದ್ದರೆ ರಿಸೀವರನ್ನೂ ಅಲ್ಲೇ ಇಡುವ ರೂಢಿ ಇದೆ. ರಂಗಸ್ಥಳಕ್ಕೂ ಅದಕ್ಕೂ ನಡುವೆ ನೂರಾರು ಜನರ ಮೈ ಗೋಡೆಯಂತೆ ನಿಲ್ಲುತ್ತದೆ. ಖಾಲಿ ಜಾಗದಲ್ಲಿ ಪರೀಕ್ಷಿಸಿದಾಗ ಬಂದ ಸಂಕೇತ ಜನ ಕೂತ ಮೇಲೆ ಬರುವುದಿಲ್ಲ. ರಿಸೀವರನ್ನು ರಂಗಸ್ಥಳದ ಪಕ್ಕದಲ್ಲಿ, ತಲೆಯೆತ್ತರಕ್ಕಿಂತ ಮೇಲೆ ಇಟ್ಟು ಅಲ್ಲಿಂದ ಮಿಕ್ಸರಿಗೆ ತಂತಿ ಎಳೆಯುವುದೇ ಸರಿ. ತೀರಾ ಹತ್ತಿರವೂ ಬೇಡ. ಟ್ರಾನ್ಸ್‌ಮಿಟರಿನಿಂದ ಕನಿಷ್ಠ ಮೂರು ಮೀಟರ್ ಅಂತರವಿರಲಿ. ರಿಸೀವರಿಗೆ ಎರಡು ಆಂಟೆನಾ ಇರುವುದು ಅಂದಕ್ಕಲ್ಲ. ಗೋಡೆಗೆ, ಛಾವಣಿಗೆ ಬಡಿದು ಬಂದ ತರಂಗವೂ ನೇರವಾಗಿ ಬಂದ ತರಂಗವೂ ಒಂದು ಬಿಂದುವಿನಲ್ಲಿ ಪರಸ್ಪರ ಅಳಿಸಿಹಾಕಬಹುದು. ಆಗ ಬೇರೆಡೆ ಇರುವ ಇನ್ನೊಂದು ಆಂಟೆನಾ ಸಂಕೇತ ಹಿಡಿಯುತ್ತದೆ. ಅವನ್ನು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಅಗಲಿಸಿ ನಿಲ್ಲಿಸಬೇಕು. ಅಡಕೆ ದಬ್ಬೆ, ಸೋಗೆಯ ಚಪ್ಪರ ಒಣಗಿದ್ದರೆ ರೇಡಿಯೊಗೆ ಹೆಚ್ಚಿನ ಅಡ್ಡಿಯಲ್ಲ. ತಗಡಿನ ಮಾಡಿನ ಕೆಳಗೆ ಪ್ರತಿಫಲನ ಹೆಚ್ಚು. ಅಲ್ಲಿ ಆಂಟೆನಾವನ್ನು ತಗಡಿನಿಂದಲೂ ಕಬ್ಬಿಣದ ಕಂಬದಿಂದಲೂ ದೂರ ಇಡಬೇಕು.

ಧ್ವನಿಯ ಮಟ್ಟವನ್ನು ಮೂಲದಿಂದ ಆರಂಭಿಸಿ ಹೊಂದಿಸಬೇಕು. ಮೊದಲು ಟ್ರಾನ್ಸ್‌ಮಿಟರಿನ ಗೇನ್. ಕಲಾವಿದರು ಸಹಜ ಮಾತಿನಲ್ಲಲ್ಲ, ವೀರಾವೇಶದ ಏರುದನಿಯಲ್ಲಿ ಹೇಳಿ ತೋರಿಸಬೇಕು. ಆಗ ಕೆಂಪು ದೀಪ ಹೊತ್ತದಷ್ಟಕ್ಕೆ ಗೇನ್ ನಿಲ್ಲಿಸಬೇಕು. ಇಲ್ಲಿ ಒಡೆದ ಧ್ವನಿಯನ್ನು ಮುಂದೆ ಯಾವ ಮಿಕ್ಸರೂ ಸರಿಪಡಿಸದು. ಆಮೇಲೆ ರಿಸೀವರಿನ ಔಟ್‌ಪುಟ್, ಕೊನೆಗೆ ಮಿಕ್ಸರಿನ ಗೇನ್. 100 ಹರ್ಟ್ಸ್ ಆಚೀಚಿನ ಲೋ ಕಟ್ ಒತ್ತಿದರೆ ಹೆಜ್ಜೆಯ ದಡದಡವೂ ಗಾಳಿಯ ಗುಮ್ಮೆನ್ನುವಿಕೆಯೂ ಸೋಸಿ ಹೋಗುತ್ತದೆ. ಸಂಕೇತ ದುರ್ಬಲವಾದಾಗ ಬುಸುಗುಟ್ಟುವ ಬದಲು ಮೌನವಾಗಲು ರಿಸೀವರಿನಲ್ಲಿ ಸ್ಕ್ವೆಲ್ಚ್ ಎಂಬ ತಡೆ ಇರುತ್ತದೆ. ಅದನ್ನು ಹೆಚ್ಚು ಬಿಗಿ ಮಾಡಿದಷ್ಟೂ ಮೈಕಿನ ವ್ಯಾಪ್ತಿ ಕುಗ್ಗುತ್ತದೆ.

ವೇಷಕ್ಕೆ ಮೈಕು ಕಟ್ಟುವುದು ಪ್ರತ್ಯೇಕ ವಿದ್ಯೆ. ಎದೆಯ ಮೇಲೆ ಸಿಕ್ಕಿಸಿದರೆ ಎದೆಪದಕ, ಸರಗಳು ತಾಗಿ ಪ್ರತಿ ಉಸಿರಿಗೂ ಸದ್ದು. ತಲೆ ಪಕ್ಕಕ್ಕೆ ತಿರುಗಿದ ಕೂಡಲೇ ಮಾತು ಮಸುಕಾಗುತ್ತದೆ. ಕೇದಗೆ ಮುಂದಲೆಯ ಅಥವಾ ಕಿರೀಟದ ಕೆಳ ಅಂಚಿಗೆ, ಹಣೆಯ ಮೇಲ್ಭಾಗದಲ್ಲಿ ಸಣ್ಣ ಮೈಕನ್ನು ಕಟ್ಟಿದರೆ ತಲೆ ಎತ್ತ ತಿರುಗಿದರೂ ಬಾಯಿಗೂ ಮೈಕಿಗೂ ದೂರ ಬದಲಾಗದು. ಇಂಥ ಕಡೆ ಎಲ್ಲ ದಿಕ್ಕಿನ ಧ್ವನಿಯನ್ನೂ ಸಮನಾಗಿ ಹಿಡಿಯುವ ಓಮ್ನಿ ಮೈಕು ಬೇಕು. ಕೆನ್ನೆಗೆ ಅಂಟುವ ಹೆಡ್‌ಸೆಟ್ ಇನ್ನೂ ಸ್ಪಷ್ಟ, ಆದರೆ ಮುಖವರ್ಣಿಕೆಯ ಮೇಲೆ ಅದರ ಕಡ್ಡಿ ಎದ್ದು ಕಾಣುತ್ತದೆ. ಬಣ್ಣದ ಗೆರೆಗಳಿಗೆ ಅಷ್ಟು ಹೊತ್ತು ವ್ಯಯಿಸುವ ಕಲೆಯಲ್ಲಿ ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದೇ ಯೋಗ್ಯ.

ಸೊಂಟದ ಪೆಟ್ಟಿಗೆಯನ್ನು ದಗಲೆಯ ಒಳಗೆ, ಬೆನ್ನ ಕೆಳಗೆ ಬಿಗಿಯಾಗಿ ಕಟ್ಟಬೇಕು. ಬೆವರು ಅದಕ್ಕೆ ಮೊದಲ ಶತ್ರು. ತೆಳು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಮೇಲೊಂದು ಬಟ್ಟೆಯ ಚೀಲ ಹಾಕಿದರೆ ಬಾಳಿಕೆ ಬರುತ್ತದೆ. ಆಂಟೆನಾ ಒದ್ದೆ ಮೈಗೆ ಅಂಟಿದರೆ ತರಂಗದ ಬಲ ಮೈಯಲ್ಲೇ ಹೀರಿಹೋಗುತ್ತದೆ. ಅದನ್ನು ಸುತ್ತಿಡದೆ, ಮಡಚದೆ, ಬಟ್ಟೆಯ ಪದರದ ಮೇಲೆ ಸ್ವತಂತ್ರವಾಗಿ ಇಳಿಬಿಡಬೇಕು. ಮೈಕಿನ ತಂತಿಗೆ ಕುತ್ತಿಗೆಯ ಹಿಂದೆ ಒಂದು ಸುತ್ತು ಸಡಿಲ ಬಿಟ್ಟರೆ ಮಂಡಿಯೂರಿದಾಗಲೂ ಎಳೆತ ಬೀಳದು. ಇದೆಲ್ಲ ವೇಷ ಕಟ್ಟುವಾಗಲೇ ಆಗಬೇಕಾದ ಕೆಲಸ, ರಂಗಸ್ಥಳಕ್ಕೆ ಹೊರಡುವ ಗಳಿಗೆಯಲ್ಲಿ ಆಗುವಂಥದ್ದಲ್ಲ.

ಆಟ ಶುರುವಾದ ಮೇಲಿನ ಹೊಣೆ ಮಿಕ್ಸರಿನ ಮುಂದೆ ಕೂತವರದು. ಪಾತ್ರ ಚಂಡೆಯ ಬಳಿ ಕುಣಿಯುವಾಗ ಕಾಲರ್ ಮೈಕು ತೆರೆದಿದ್ದರೆ ಅದರೊಳಗೆ ಚಂಡೆಯೇ ತುಂಬಿಕೊಂಡು ಹಿಮ್ಮೇಳದ ಹದ ಕೆಡುತ್ತದೆ. ಪದ ಮುಗಿಸುವ ಚಂಡೆ-ಮದ್ದಳೆಯ ಬಿಡ್ತಿಗೆ ಬಿದ್ದೊಡನೆ ಅರ್ಥಕ್ಕೆ ಮೈಕು ತೆರೆದಿರಬೇಕು. ಮತ್ತೆ ಪದ ಎತ್ತಿದಾಗ ಇಳಿಯಬೇಕು. ಹೀಗೆ ಮಾಡಲು ಪ್ರಸಂಗದ ನಡೆ ಗೊತ್ತಿರಬೇಕು. ತೂಗುಮೈಕಿನ ಕಾಲದಲ್ಲಿ ಕಲಾವಿದರ ಕಾಲು ಮಾಡುತ್ತಿದ್ದ ಕೆಲಸವನ್ನು ಈಗ ಇವರ ಬೆರಳು ಮಾಡಬೇಕಾಗಿದೆ. ದುಬಾರಿ ಮೈಕಿಗೆ ಹಣ ಹೊಂದಿಸುವ ಸಂಘಟಕರು ಯಕ್ಷಗಾನ ಬಲ್ಲ ಒಬ್ಬರನ್ನು ಮಿಕ್ಸರಿನ ಪಕ್ಕ ಕೂರಿಸಲು ಮರೆಯುತ್ತಾರೆ. ಸಾಧಾರಣ ಮೈಕೂ ಪ್ರಸಂಗ ಬಲ್ಲವರ ಕೈಯಲ್ಲಿ ಚೆನ್ನಾಗಿ ಮಾತನಾಡುತ್ತದೆ.

ಸೆಲ್ಲಿನ ವಿಷಯದಲ್ಲಿ ಉಳಿತಾಯ ಸಲ್ಲದು. ಡಬಲ್ ಎ ಗಾತ್ರದ ಆಲ್ಕಲೈನ್ ಸೆಲ್ 1.5 ವೋಲ್ಟಿನದು, ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್ 1.2 ವೋಲ್ಟಿನದು. ಯಾವ ಬಗೆ ಎಂದು ಟ್ರಾನ್ಸ್‌ಮಿಟರಿನಲ್ಲಿ ಹೇಳದಿದ್ದರೆ ಅದು ತೋರಿಸುವ ಬ್ಯಾಟರಿ ಗುರುತು ಸುಳ್ಳಾಗುತ್ತದೆ. ಹಳೆಯದು, ಹೊಸದು ಬೆರೆಸಬಾರದು. ಬೆಳಗಿನವರೆಗಿನ ಆಟವಾದರೆ ನಡುರಾತ್ರಿ, ಪಾತ್ರ ಚೌಕಿಗೆ ಬಂದಾಗ, ಗುರುತು ಎಷ್ಟೇ ತೋರಿಸಲಿ ಸೆಲ್ ಬದಲಿಸುವುದು ಕ್ಷೇಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿರುವುದರಿಂದ ಅನುಮತಿಯ ವ್ಯವಸ್ಥೆಯನ್ನೂ ಮೊದಲೇ ನೋಡಿಕೊಳ್ಳಬೇಕು.

ಮುಗಿಸುವಾಗ ಮಿಕ್ಸರಿನಲ್ಲಿ ಆ ಚಾನೆಲ್ ಇಳಿಸಿ, ಆಮೇಲೆ ಟ್ರಾನ್ಸ್‌ಮಿಟರ್, ಕೊನೆಗೆ ರಿಸೀವರ್ ಬಂದ್ ಮಾಡಬೇಕು; ಕ್ರಮ ತಪ್ಪಿದರೆ ಬಾಕ್ಸಿನಲ್ಲಿ ಟಪ್ಪೆಂದು ಹೊಡೆತ. ಮೈಕಿನ ಬೆವರು, ಬಣ್ಣ ಒರೆಸಿ ನೆರಳಲ್ಲಿ ಆರಿಸಿ ಒಳಗಿಡಬೇಕು. ಮಲೆನಾಡಿನ ಮಳೆಗಾಲ ಈ ಸಲಕರಣೆಗಳಿಗೆ ಕಠಿಣ ಕಾಲ. ಸೆಲ್ ಒಳಗೇ ಬಿಟ್ಟರೆ ಸೋರಿ ಸಂಪರ್ಕದ ತಗಡು ತಿನ್ನುತ್ತದೆ. ಜಾಕ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸೆಲ್ ತೆಗೆದು, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ತಿಂಗಳಿಗೊಮ್ಮೆ ಹೊರತೆಗೆದು ಅರ್ಧ ಗಂಟೆ ಹಾಕಿ ನೋಡಬೇಕು. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಗುವ ಮೊದಲು ಹೊಸ ಸೆಲ್ ಹಾಕಿ, ಪ್ರತಿ ಮೈಕನ್ನೂ ಹಿಡಿದು ರಂಗಸ್ಥಳದಷ್ಟು ದೂರ ನಡೆದು ಪರೀಕ್ಷಿಸಿದರೆ, ಯಾವುದನ್ನು ರಿಪೇರಿಗೆ ಕೊಡಬೇಕೆಂಬುದು ಮೊದಲ ಆಟಕ್ಕೆ ಮುಂಚೆಯೇ ತಿಳಿಯುತ್ತದೆ.