ಪಂಚಮಿಗೆ ಬರುವ ಮಗಳಿಗೆ ಸುಣ್ಣದ ಕೋಣೆ

ನಮ್ಮದು ರೋಣ ತಾಲ್ಲೂಕಿನ ಎರೆ ಸೀಮೆ. ಎಂಟು ಎಕರೆ ಮಳೆಯಾಶ್ರಿತ ಹೊಲ, ಹಿರಿಯರು ಕಟ್ಟಿದ ಮಣ್ಣಿನ ಮಾಳಿಗೆ ಮನೆ. ಹೆಸರು, ಜೋಳ, ಕಡಲೆ ಬೆಳೆಯುವವನು ಮನೆಯ ಕೋಣೆ ಬಗ್ಗೆ ಯಾಕೆ ಬರೆಯುತ್ತಾನೆ ಅಂತ ನಿಮಗನಿಸಬಹುದು. ಕಾರಣ ಇದೆ.

ನಮ್ಮ ಕಡೆ ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದು ಜೋಕಾಲಿ ಆಡಿ, ಉಂಡಿ ತಿಂದು, ನಾಲ್ಕು ದಿನ ಇದ್ದು ಹೋಗುತ್ತಾರೆ. 2023ರ ಪಂಚಮಿಗೆ ನನ್ನ ಮಗಳು, ಅಳಿಯ, ಎರಡು ವರ್ಷದ ಮೊಮ್ಮಗಳು ಬಂದರು. ಪಡಸಾಲೆ ಪಕ್ಕದ ಕೋಣೆಯಲ್ಲಿ ಮಲಗಿಸಿದೆವು. ರಾತ್ರಿಯೆಲ್ಲ ಕೂಸು ಕೆಮ್ಮಿತು. ಬೆಳಗಾಗುತ್ತಲೇ ಮಗಳು, "ಅಪ್ಪಾ, ಸಿಟ್ಟಾಗಬ್ಯಾಡ. ಇಲ್ಲಿ ಕೂಸು ಮಲಗೂದಿಲ್ಲ" ಎಂದಳು. ಮರುರಾತ್ರಿ ಅವರು ಗದುಗಿನ ಲಾಡ್ಜಿನಲ್ಲಿ ಉಳಿದು ಹಾಗೇ ಊರಿಗೆ ಹೋದರು. ತವರಿದ್ದೂ ಮಗಳು ಲಾಡ್ಜಿನಲ್ಲಿ ಮಲಗಿದಳಲ್ಲ ಅಂತ ನನ್ನ ಹೆಂಡತಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಆ ಕೋಣೆಯನ್ನು ಹೊರಗಿನವನಂತೆ ನಿಂತು ನೋಡಿದೆ. ಒಂದು ಮೂಲೆಯಲ್ಲಿ ಗೊಬ್ಬರದ ಚೀಲ, ಮಾಡದಲ್ಲಿ ಎಣ್ಣೆ ಡಬ್ಬಿಗಳು, ಇನ್ನೊಂದು ಕಡೆ ಬಿತ್ತನೆ ಬೀಜ. ಗೋಡೆಯ ಬಣ್ಣ ಚಕ್ಕೆ ಎದ್ದಿತ್ತು. ಜಂತಿ ಸಂದಿನಿಂದ ಮಣ್ಣು ಉದುರುತ್ತಿತ್ತು. ಅದನ್ನು ನಾವು ಉಗ್ರಾಣ ಮಾಡಿಕೊಂಡಿದ್ದೆವು. ಬೀಗರು ಬಂದಾಗ ಮಾತ್ರ ಅದು ಮಲಗುವ ಕೋಣೆ.

ಬಣ್ಣ ಯಾಕೆ ಎದ್ದಿತು?

2019ರಲ್ಲಿ ಮಗಳ ಮದುವೆಗೆಂದು ಆ ಕೋಣೆಗೆ ಎಣ್ಣೆ ಬಣ್ಣ ಬಳಿಸಿದ್ದೆ. ಎರಡು ಮಳೆಗಾಲದಲ್ಲಿ ಗುಳ್ಳೆ ಎದ್ದು, ಬಣ್ಣದ ಜೊತೆ ಗಿಲಾವೂ ಕಿತ್ತು ಬಂತು. ಮಣ್ಣಿನ ಗೋಡೆ ತೇವ ಹೀರುತ್ತದೆ, ತೇವ ಬಿಡುತ್ತದೆ. ಎಣ್ಣೆ ಬಣ್ಣ ಅದರ ಬಾಯಿ ಮುಚ್ಚುತ್ತದೆ. ಒಳಗೆ ನಿಂತ ತೇವ ಬಣ್ಣವನ್ನೇ ದೂಡಿಕೊಂಡು ಹೊರಬರುತ್ತದೆ.

ಗೊಬ್ಬರದ ಚೀಲ ತಾಗಿದ ಕಡೆ ಇನ್ನೂ ಹೆಚ್ಚು ಹಾಳಾಗಿತ್ತು. ರಾಸಾಯನಿಕ ಗೊಬ್ಬರ ಅಂದರೆ ಉಪ್ಪಿನ ಜಾತಿ. ತೇವದ ಜೊತೆ ಗೋಡೆಗೆ ಇಳಿದು, ಒಣಗುವಾಗ ಹರಳುಗಟ್ಟಿ ಮೇಲಿನ ಪದರ ಒಡೆಯುತ್ತದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ಪೇಂಟರ್ ಒಬ್ಬರನ್ನು ಕೇಳಿದರೆ 6,500 ರೂಪಾಯಿ ಎಂದರು. ಅಷ್ಟು ದುಡ್ಡಿರಲಿಲ್ಲ. ನಾವೇ ಮಾಡೋಣ, ಸುಣ್ಣ ಬಳಿಯೋಣ ಎಂದು ಗಂಡ ಹೆಂಡತಿ ನಿಶ್ಚಯ ಮಾಡಿದೆವು.

ಮೊದಲು ಸಾಮಾನು, ಆಮೇಲೆ ಗೋಡೆ

ಕಡಲೆ ರಾಶಿ ಮುಗಿದ ಮೇಲೆ ಕೋಣೆ ಖಾಲಿ ಮಾಡಿದೆ. ಗೊಬ್ಬರ, ಎಣ್ಣೆ ಡಬ್ಬಿಗಳು ಹಿತ್ತಲ ತಗಡಿನ ಶೆಡ್ಡಿಗೆ ಹೋದವು. ಅದಕ್ಕೆ ಬೀಗ ಹಾಕಿದೆ. ಬೆಳೆಗೆ ಹೊಡೆಯುವ ವಿಷವನ್ನು ಮನುಷ್ಯರು ಮಲಗುವ ಕಡೆ ಇಡಬಾರದು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ನಾವು ಓದುವುದಿಲ್ಲ, ಅಷ್ಟೆ.

ಹಳೆ ಬಣ್ಣವನ್ನು ಕುರ್ಚಿಗೆಯಿಂದ ಪೂರ್ತಿ ಕೆರೆದೆ. ಎಣ್ಣೆ ಬಣ್ಣದ ಮೇಲೆ ಸುಣ್ಣ ಹಿಡಿಯುವುದಿಲ್ಲ. ಉಪ್ಪು ತಿಂದ ಗಿಲಾವನ್ನೂ ಉದುರಿಸಿ, ಎರಡು ತಿಂಗಳು ಬಾಗಿಲು ಕಿಟಕಿ ತೆರೆದಿಟ್ಟು ಒಣಗಿಸಿದೆ. ಹೊಸ ಗಿಲಾವಿಗೆ ಮಸಾರಿ ಮಣ್ಣು, ಹೊಟ್ಟು, ಸಗಣಿ ಸೇರಿಸಿ ನಾಲ್ಕು ದಿನ ನೆನೆಹಾಕಿ ತುಳಿದೆವು. ಬರೀ ಎರೆಮಣ್ಣು ಬೇಡ. ಹೊಲದಲ್ಲಿ ಬಿರಿದಂತೆ ಗೋಡೆಯಲ್ಲೂ ಬಿರಿಯುತ್ತದೆ.

ಮೇ ಬಿಸಿಲಿನಲ್ಲಿ ಕೆಟ್ಟಿದ್ದು

2024ರ ಮೇ ತಿಂಗಳಲ್ಲಿ ಮಧ್ಯಾಹ್ನ ಸುಣ್ಣ ಬಳಿದೆ. ಹಚ್ಚುತ್ತಿದ್ದಂತೆ ಒಣಗಿತು. ಮರುದಿನ ಕೈ ಸವರಿದರೆ ಹಿಟ್ಟಿನಂತೆ ಉದುರಿತು. ಅಂಗಡಿಯ ಸುಣ್ಣವೇ ಕಳಪೆ ಎಂದು ಬೈದೆ. ಊರಿನ ಹಿರಿಯ ಗೌಂಡಿಯೊಬ್ಬರು ಬಂದು ನೋಡಿ, "ಸುಣ್ಣಕ್ಕ ನೀರ ಕುಡಿಸಬೇಕೋ ತಮ್ಮಾ, ಸಸಿ ಹಚ್ಚಿದಂಗ" ಎಂದರು.

ಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲದ ಗಾಳಿ ಹೋಗಿ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಅದೇ ಗಾಳಿಯನ್ನು ಮತ್ತೆ ಹೀರಿಕೊಂಡು ಕಲ್ಲಿನಂತಾಗುತ್ತದೆ. ಹಾಗಾಗಲು ತೇವ ಬೇಕು, ದಿನಗಳು ಬೇಕು. ಬಿಸಿಲಿಗೆ ಒಣಗಿದರೆ ಬರೀ ಪುಡಿ.

ಹಾಗಾಗಿ ಜೂನ್‌ವರೆಗೆ ಕಾದೆ. ಮಳೆಯಾಗಿ ಹೊಲ ಹಸಿಯಿದ್ದು ಕುಂಟೆ ಹೊಡೆಯಲಾಗದ ದಿನಗಳಲ್ಲಿ ಮತ್ತೆ ಕೈ ಹಾಕಿದೆ. ಮಾಡಿದ ಕ್ರಮ ಹೀಗೆ:

ಕಬ್ಬಿಣದ ಪೀಪಾಯಿಗೆ ಮೊದಲು ನೀರು ತುಂಬಿ, ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿದೆ. ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕರಗುತ್ತದೆ. ಮಕ್ಕಳು, ದನಗಳು ಹತ್ತಿರ ಬರಬಾರದು. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿ. ಬಿದ್ದರೆ ತಡಮಾಡದೆ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.

ಮೂರು ದಿನ ನೆನೆಸಿ, ಹಳೆ ಧೋತರದಲ್ಲಿ ಸೋಸಿ, ಹಾಲಿನಷ್ಟು ತೆಳು ಮಾಡಿದೆ. ಹಿರಿಯರು ಒಂದು ಹಿಡಿ ಉಪ್ಪು ಹಾಕುತ್ತಿದ್ದರು. ನನ್ನ ಗೋಡೆ ಮೊದಲೇ ಉಪ್ಪು ತಿಂದಿದ್ದರಿಂದ ಅದನ್ನು ಬಿಟ್ಟು ಅಕ್ಕಿ ಗಂಜಿ ಸೇರಿಸಿದೆ. ಬೆಳಿಗ್ಗೆ ಗೋಡೆಗೆ ನೀರು ಚಿಮುಕಿಸಿ ಬಳಿದೆ. ದಿನಕ್ಕೊಂದರಂತೆ ಮೂರು ಕೈ. ಹಚ್ಚುವಾಗ ನೀರಿನಂತೆ ಕಾಣುತ್ತದೆ. ಒಣಗಿದ ಮೇಲೆ ಬಿಳುಪು ಬರುತ್ತದೆ. ದಪ್ಪಗೆ ಹಚ್ಚಿದರೆ ಚಕ್ಕೆ ಏಳುತ್ತದೆ.

ನನ್ನಾಕೆಗೆ ಹಳದಿ ಗೋಡೆಯ ಆಸೆ. ಸುಣ್ಣಕ್ಕೆ ಅರಿಶಿನ ಕಲಸಿದಳು. ಕೆಂಪಗಾಯಿತು! ಆರತಿ ನೀರು ಮಾಡುವುದೇ ಹೀಗೆ ಎಂಬುದನ್ನು ಇಬ್ಬರೂ ಮರೆತಿದ್ದೆವು. ಆ ಬಕೆಟ್ ತಿಪ್ಪೆಗೆ ಹೋಯಿತು. ಕೊನೆಯ ಕೈಗೆ ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ಬೆರೆಸಿ, ಕೆಳಗಿನ ಎರಡಡಿಗೆ ಕೆಂಪು ಪುಡಿ ಕಲಸಿದ ಸುಣ್ಣ ಹಚ್ಚಿದೆವು. ಅದರ ಅಂಚಿಗೆ ಆಕೆ ಬಿಳಿ ಎಳೆಯ ರಂಗೋಲಿ ಬರೆದಳು.

ಮನೆಯಲ್ಲಿದ್ದದ್ದರಿಂದಲೇ ಅಲಂಕಾರ

ಮುರಿದುಬಿದ್ದಿದ್ದ ನಮ್ಮಪ್ಪನ ಕಾಲದ ಕುಂಟೆಯ ದಿಂಡನ್ನು ತೊಳೆದು, ಎಣ್ಣೆ ಸವರಿ, ಗೂಟ ಬಡಿದು ಗೋಡೆಗೆ ಹಾಕಿದೆ. ಈಗ ಅದು ಅಂಗಿ ತೂಗುಹಾಕುವ ಗೂಟ. ಹಳೆಯ ಹೊರಸಿಗೆ ಪುಂಡಿ ನಾರಿನ ಹಗ್ಗದಿಂದ ಹೊಸದಾಗಿ ಹೆಣೆದೆ. ಹೆಂಡತಿಯ ಹರಿದ ಇಳಕಲ್ಲ ಸೀರೆಯ ಟೋಪಿ ತೆನಿ ಸೆರಗು ಕಿಟಕಿ ಪರದೆಯಾಯಿತು. ಉಳಿದ ಹಳೆ ಸೀರೆಗಳಲ್ಲಿ ಒಂದು ಕೌದಿ ಹೊಲಿದಳು. ಇನ್ನೆರಡನ್ನು ಜೋಡಿಸಿ ಜಂತಿಯ ಕೆಳಗೆ ಮೇಲ್ಕಟ್ಟು ಕಟ್ಟಿದೆವು. ಮಣ್ಣು ಉದುರುವುದು ಹಾಸಿಗೆಗೆ ಬೀಳುವುದಿಲ್ಲ. ಅದನ್ನು ತಿಂಗಳಿಗೊಮ್ಮೆ ಬಿಚ್ಚಿ ಒಗೆಯಲೇಬೇಕು.

ಜೋಳದ ತೆನೆಯ ತೋರಣ ಒಳಗೆ ಕಟ್ಟಿದ್ದು ತಪ್ಪಾಯಿತು. ಹದಿನೈದು ದಿನಕ್ಕೆ ಹುಳ ಬಿತ್ತು. ಅಂಗಳದಲ್ಲಿ ಕಟ್ಟಿದೆ, ಗುಬ್ಬಿಗಳಿಗಾಯಿತು.

ಖರ್ಚಿನ ಲೆಕ್ಕ (ಕೋಣೆ 10x12 ಅಡಿ)

ಸುಣ್ಣದ ಕಲ್ಲು 20 ಕಿಲೋ: ರೂ. 360
ಬ್ರಷ್ 2: ರೂ. 170
ಕೆಂಪು ಪುಡಿ ಅರ್ಧ ಕಿಲೋ: ರೂ. 90
ನೀಲಿ: ರೂ. 20
ಕಿಟಕಿಗೆ ಸೊಳ್ಳೆ ಜಾಳಿಗೆ: ರೂ. 220
ಎಲ್‌ಇಡಿ ಬಲ್ಬು: ರೂ. 110
ಮೊಳೆ, ದಾರ: ರೂ. 40
ಒಟ್ಟು: ರೂ. 1,010

ಮೇ ತಿಂಗಳಲ್ಲಿ ಹಾಳಾದ ಸುಣ್ಣ ಇದರಲ್ಲಿ ಸೇರಿಲ್ಲ. ನಮ್ಮಿಬ್ಬರ ಕೂಲಿಯೂ ಸೇರಿಲ್ಲ. ಎಲ್ಲ ಕೂಡಿ ಒಂಬತ್ತು ದಿನದ ಕೆಲಸ. ಸುಣ್ಣ ಎಣ್ಣೆ ಬಣ್ಣದ ಹಾಗೆ ತೊಳೆಯಲು ಬರುವುದಿಲ್ಲ, ಬೆನ್ನು ಒರಗಿಸಿದರೆ ಸ್ವಲ್ಪ ಬಟ್ಟೆಗೆ ಹತ್ತುತ್ತದೆ. ವರ್ಷಕ್ಕೊಂದು ಕೈ ಹಚ್ಚಬೇಕು. ಅದಕ್ಕೆ ಅರ್ಧ ದಿನ ಸಾಕು.

2024ರ ಪಂಚಮಿಗೆ ಮಗಳು ಬಂದಳು. ನಾವೇನೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಗೋಡೆ ಮುಟ್ಟಿ ನೋಡಿದಳು. ಪರದೆ ನೋಡಿ, "ಇದು ಅವ್ವನ ಸೀರಿ ಅಲ್ಲೇನು?" ಎಂದಳು. ಆ ರಾತ್ರಿ ಕೂಸು ಕೆಮ್ಮಲಿಲ್ಲ. ಎಂಟು ದಿನ ಇದ್ದು ಹೋದರು.

ಅವರು ಹೋದ ಕೆಲವು ದಿನಕ್ಕೆ ಬಿತ್ತನೆ ಕಡಲೆಯ ಚೀಲ ಹೊತ್ತು ತಂದವನು ರೂಢಿಯಂತೆ ಅದೇ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಹೆಂಡತಿ ಕೌದಿ ಮಡಚುತ್ತಿದ್ದಳು. ಏನೂ ಅನ್ನಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಚೀಲ ಹೊತ್ತು ಶೆಡ್ಡಿನ ಕಡೆ ನಡೆದೆ.