ಸೋತ ಚಿತ್ರವೊಂದು ಬಾಳಿದ ಬಗೆ

ನಗೆಗೆ ಅನಿರೀಕ್ಷಿತವೇ ಮೂಲವೆಂದು ನಾವು ಸಾಮಾನ್ಯವಾಗಿ ನಂಬುತ್ತೇವಷ್ಟೆ. ಹಾಗಾದರೆ ವಿನೋದಚಿತ್ರವೊಂದನ್ನು ಎರಡನೆಯ ಸಲ ನೋಡುವಾಗ ನಗೆ ಕುಗ್ಗಬೇಕು. ಹತ್ತನೆಯ ಸಲಕ್ಕೆ ಬತ್ತಿಯೇ ಹೋಗಬೇಕು. ಆದರೆ ಒಂದೇ ಚಿತ್ರವನ್ನು ನೂರಾರು ಸಲ ನೋಡಿಯೂ ಹೊಟ್ಟೆ ಹುಣ್ಣಾಗುವಂತೆ ನಗುವ ಜನರುಂಟು. ‘ದಿ ರಾಕಿ ಹಾರರ್ ಪಿಕ್ಚರ್ ಷೋ’ ಎಂಬ ಸಂಗೀತ ವಿನೋದಚಿತ್ರದ ಅಭಿಮಾನಿಗಳು ಇಂಥವರು.

ರಿಚರ್ಡ್ ಓಬ್ರಯನ್ ಬರೆದ ಈ ಕಥೆ 1973ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ನಾಟಕಶಾಲೆಯ ಮಹಡಿಯ ಕಿರುರಂಗದಲ್ಲಿ ನಾಟಕವಾಗಿ ಗೆದ್ದಿತು. 1975ರಲ್ಲಿ ಜಿಮ್ ಶರ್ಮನ್ ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಮಳೆಯ ರಾತ್ರಿ ಕಾರಿನ ಚಕ್ರ ಒಡೆದು, ಟೆಲಿಫೋನನ್ನು ಅರಸುತ್ತ ಒಂದು ಕೋಟೆಮನೆಗೆ ಬರುವ ತರುಣ ಜೋಡಿ. ಅಲ್ಲಿ ಹೆಣ್ಣುಡುಗೆ ತೊಟ್ಟು, ಪ್ರಯೋಗಶಾಲೆಯಲ್ಲಿ ಮನುಷ್ಯನನ್ನು ಸೃಷ್ಟಿಸುವ ಅನ್ಯಗ್ರಹದ ವಿಜ್ಞಾನಿ. ಹಳೆಯ ಭಯಾನಕ ಚಿತ್ರಗಳ ಅಣಕವಿದು. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಚಿತ್ರ ಸೋತಿತು.

1976ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ ಅದರ ನಡುರಾತ್ರಿಯ ಆಟಗಳು ಮೊದಲಾದುವು. ಕೆಲವೇ ತಿಂಗಳಲ್ಲಿ ಪ್ರೇಕ್ಷಕರು ತೆರೆಯೊಡನೆ ಮಾತಿಗಿಳಿದರು. ವೃತ್ತಪತ್ರಿಕೆಯನ್ನು ತಲೆಗೆ ಹಿಡಿದು ಮಳೆಯಲ್ಲಿ ನಡೆಯುವ ನಾಯಿಕೆಗೆ, ಒಂದು ಕೊಡೆಯನ್ನಾದರೂ ಕೊಳ್ಳಬಾರದೇ ಎಂದು ಯಾರೋ ಕೂಗಿದರಂತೆ. ಅಲ್ಲಿಂದ ಮುಂದೆ ಮದುವೆಯ ದೃಶ್ಯ ಬಂದಾಗ ಅಕ್ಕಿ ಎರಚುವುದು, ಮಳೆ ಬಂದಾಗ ನೀರಿನ ಪಿಸ್ತೂಲು ಹಾರಿಸಿ ತಾವೂ ಪತ್ರಿಕೆ ಹೊದೆಯುವುದು ವಾಡಿಕೆಯಾಯಿತು. ತೆರೆಯ ಕೆಳಗೆ ನಿಂತು, ಪಾತ್ರಗಳ ವೇಷ ತೊಟ್ಟು, ಇಡೀ ಚಿತ್ರವನ್ನು ಅಭಿನಯಿಸುವ ತಂಡಗಳೂ ಹುಟ್ಟಿದುವು. (ಗುಡಿಸುವ ಸಿಬ್ಬಂದಿಯ ಪಾಡನ್ನು ಊಹಿಸಿಕೊಳ್ಳಬಹುದು.)

ಇದಕ್ಕೆ ಕಾರಣವೇನು? 1968ರಲ್ಲಿ ರಾಬರ್ಟ್ ಜಯಾಂಕ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಮುಖಗಳನ್ನೂ ಜನರಿಗೆ ಮತ್ತೆ ಮತ್ತೆ ತೋರಿಸಿದರು. ಹೆಚ್ಚು ಸಲ ಕಂಡುದು ಹೆಚ್ಚು ಹಿತವೆನಿಸಿತು. ಪರಿಚಯವೇ ಪ್ರೀತಿಯನ್ನು ಬೆಳೆಸುತ್ತದೆಂಬುದು ಇದರ ತಾತ್ಪರ್ಯ. ಆದರೆ ಅತಿಪರಿಚಯದಿಂದ ಬೇಸರವೂ ಹುಟ್ಟುತ್ತದೆಂದು ಅನಂತರದ ಪ್ರಯೋಗಗಳು ತೋರಿಸಿವೆ. ಆದುದರಿಂದ ಈ ವಿವರಣೆಯೊಂದೇ ಸಾಲದು.

ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗಮಾಲೆಯು ನಮಗೆ ಹೆಚ್ಚು ಸಮೀಪದ್ದಾಗಿ ತೋರುತ್ತದೆ. ಒಂದೇ ಲಯದಲ್ಲಿ ಹೆಜ್ಜೆ ಹಾಕಿದ, ಒಟ್ಟಾಗಿ ಹಾಡಿದ ಅಪರಿಚಿತರು ಬಳಿಕ ಆಡಿದ ಆಟಗಳಲ್ಲಿ, ಲಯ ಕೂಡದೆ ನಡೆದವರಿಗಿಂತ ಹೆಚ್ಚಾಗಿ ಪರಸ್ಪರ ಸಹಕರಿಸಿದರು. ನಮ್ಮ ಚಿತ್ರದಲ್ಲಿ ‘ಟೈಮ್ ವಾರ್ಪ್’ ಎಂಬ ನೃತ್ಯವುಂಟು. ಹೆಜ್ಜೆಗಳ ಸೂಚನೆಯೆಲ್ಲ ಹಾಡಿನಲ್ಲಿಯೇ ಅಡಗಿದೆ. ಮೊದಲ ಸಲ ಬಂದವನೂ ಎದ್ದು ನಿಂತು ಕುಣಿಯಬಲ್ಲನು. ಇನ್ನು ಪಾತ್ರಗಳ ಮಾತುಗಳ ನಡುವೆ ಉದ್ದನೆಯ ಬಿಡುವುಗಳಿವೆ. ವಿಮರ್ಶಕನಿಗೆ ಇವು ದೋಷ. ಆದರೆ ಪ್ರೇಕ್ಷಕನ ಮಾತಿಗೆ ಎಡೆ ದೊರೆತದ್ದು ಅಲ್ಲಿಯೇ. ಬಿಗಿಯಾಗಿ ಹೆಣೆದ ಚಿತ್ರವಾಗಿದ್ದರೆ ಜನ ಒಮ್ಮೆ ಮೆಚ್ಚಿ ಮನೆಗೆ ಹೋಗುತ್ತಿದ್ದರೆಂದು ನಮ್ಮ ಎಣಿಕೆ.

ಆ ಮಂದಿರಗಳನ್ನು ತುಂಬಿದವರಲ್ಲಿ, ಉಡುಗೆಯಿಂದಲೋ ಒಲವಿನಿಂದಲೋ ಲೋಕದ ಕಟ್ಟಳೆಗೆ ಹೊಂದದೆ, ಮನೆಯಲ್ಲೂ ಶಾಲೆಯಲ್ಲೂ ಮೂದಲಿಕೆಗೆ ಗುರಿಯಾದ ತರುಣ ತರುಣಿಯರು ಬಹಳ ಮಂದಿ. ಹಗಲಿನಲ್ಲಿ ಅವರನ್ನು ಕಂಡು ನಗುವವರಿದ್ದರು. ಇಲ್ಲಿ ಅವರೊಡನೆ ನಗುವವರು ಸಿಕ್ಕಿದರು. ಹದಿನೇಳರ ವಯಸ್ಸಿನಲ್ಲಿ ಇದು ಸಣ್ಣ ಸಂಗತಿಯಲ್ಲವೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1990ರಲ್ಲಿ ಈ ಚಿತ್ರದ ವಿಡಿಯೋ ಕ್ಯಾಸೆಟ್ಟು ಅಮೆರಿಕದ ಅಂಗಡಿಗಳಿಗೆ ಬಂದಿತು. ಬೇಕೆಂದವರು ಮನೆಯಲ್ಲೇ ಕುಳಿತು, ಒಂದು ಕಾಳು ಅಕ್ಕಿಯನ್ನೂ ಚೆಲ್ಲದೆ, ಅದನ್ನು ನೋಡಬಹುದಾಗಿತ್ತು. ನಡುರಾತ್ರಿಯ ಆಟಗಳು ಮಾತ್ರ ನಿಲ್ಲಲಿಲ್ಲ.