ಹಾರೋದು ಆಮೇಲೆ, ಮೊದಲು ಇಳಿಯೋದು ಕಲೀರಿ

ಬೆಳಗಿನ ರೈಲು, ದಿನವಿಡೀ ಕುರ್ಚಿ, ಸಂಜೆ ಮತ್ತೆ ರೈಲು. ಗುಬ್ಬಿ, ತುಮಕೂರು, ಕುಣಿಗಲ್‌ನಿಂದ ಬೆಂಗಳೂರಿಗೆ ಓಡಾಡಿ ಕೆಲಸ ಮಾಡುವವರ ವಾರ ಹೆಚ್ಚುಕಮ್ಮಿ ಹೀಗೇ ಕಳೆಯುತ್ತೆ. ಭಾನುವಾರ ಹಳೇ ಗೆಳೆಯರ ಜೊತೆ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಇಳಿದರೆ ಆಗುವ ಖುಷಿಯೇ ಬೇರೆ. ತೊಂದರೆ ಇಷ್ಟೇ: ಮನಸ್ಸಿಗೆ ಇನ್ನೂ ಹತ್ತೊಂಬತ್ತು, ಮಂಡಿಗೆ ಮಾತ್ರ ವಾರವಿಡೀ ಕೂತ ಅಭ್ಯಾಸ.

ಎಷ್ಟೋ ಜನರ ಆಟ ನಿಲ್ಲೋದು ವಯಸ್ಸಿನಿಂದಲ್ಲ, ಒಂದು ಉಳುಕಿನಿಂದ. ಅದನ್ನು ತಡೆಯೋಕೆ ದುಬಾರಿ ಜಿಮ್ ಬೇಕಿಲ್ಲ. ವಾರಕ್ಕೆ ಎರಡು ದಿನ, ನಲವತ್ತು ನಿಮಿಷ ಕೊಟ್ಟರೆ ಸಾಕು.

ಆಟ ಕೇಳೋದು ಏನನ್ನ?

ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ರಿಂಗ್ ಇರೋದು 3.05 ಮೀಟರ್ ಎತ್ತರದಲ್ಲಿ. ಆಸ್ಟ್ರೇಲಿಯಾದ ಲೀಗ್ ಆಟಗಾರರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಂದು ಪಂದ್ಯದಲ್ಲಿ ಆಟಗಾರನ ಚಲನೆ ಸುಮಾರು 1000 ಸಲ ಬದಲಾಗುತ್ತೆ. ಅಂದ್ರೆ ಎರಡು ಸೆಕೆಂಡಿಗೊಮ್ಮೆ! ಓಡು, ನಿಲ್ಲು, ತಿರುಗು, ಹಾರು. ಬರೀ ನಿಧಾನವಾದ ಜಾಗಿಂಗ್‌ ಮಾಡಿದರೆ ದೇಹ ಇದಕ್ಕೆ ತಯಾರಾಗಲ್ಲ.

ಹಾರುವಾಗ ಎಲ್ಲರ ಕಣ್ಣು ರಿಂಗ್ ಮೇಲೆ. ಆದರೆ ಪೆಟ್ಟು ಬೀಳೋದು ಹೆಚ್ಚಾಗಿ ಇಳಿಯುವಾಗ. ನೆಲ ಮುಟ್ಟುವ ಕ್ಷಣದಲ್ಲಿ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತೆ. ಇನ್ನೊಬ್ಬರ ಪಾದದ ಮೇಲೆ ಇಳಿದರಂತೂ ಪಾದದ ಕೀಲು ಹೊರಳಿತು ಅಂತಲೇ ಲೆಕ್ಕ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಹಾಗಾಗಿ ಈ ತರಬೇತಿ ಅವರಿಗೆ ಇನ್ನೂ ಮುಖ್ಯ.

ಗರಡಿಯ ಪಾಠ

ನಮ್ಮ ಗರಡಿಮನೆಗಳ ಬಸ್ಕಿ, ದಂಡ ಇಲ್ಲೂ ಕೆಲಸಕ್ಕೆ ಬರುತ್ತವೆ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಹೀಗೆ ಶುರು ಮಾಡಿ:

• ಬಸ್ಕಿ: 8ರಂತೆ 3 ಸುತ್ತು. ಮಂಡಿ ಒಳಕ್ಕೆ ವಾಲದೆ ಪಾದದ ಬೆರಳುಗಳ ದಿಕ್ಕಿನಲ್ಲೇ ಇರಲಿ.
• ಭಾರ ಎತ್ತೋದು: ಬೆನ್ನು ಗೂನಾಗದೆ ಸೊಂಟದಿಂದ ಬಾಗಿ, ನೆಲದ ಮೇಲಿನ ತುಂಬಿದ ಬ್ಯಾಗ್ ಎತ್ತಿ. 8ರಂತೆ 3 ಸುತ್ತು.
• ದಂಡ ಅಥವಾ ಪುಷ್‌ಅಪ್: ಆದಷ್ಟು, 3 ಸುತ್ತು.
• ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು: ಪ್ರತಿ ಕಾಲಿಗೆ 12.
• ಇಳಿಯುವ ಅಭ್ಯಾಸ: ಒಂದು ಮೆಟ್ಟಿಲಿನಷ್ಟು ಎತ್ತರದಿಂದ ಎರಡೂ ಕಾಲಲ್ಲಿ ಸದ್ದಾಗದಂತೆ ಇಳಿದು, ಮಂಡಿ ಮಡಿಸಿ 3 ಸೆಕೆಂಡ್ ಅಲುಗಾಡದೆ ನಿಲ್ಲಿ. 5ರಂತೆ 3 ಸುತ್ತು.

‘ಧಡ್’ ಅಂತ ಸದ್ದು ಬಂದರೆ ಭಾರವನ್ನು ಸ್ನಾಯು ಹೀರಿಕೊಳ್ಳುತ್ತಿಲ್ಲ ಅಂತ ಅರ್ಥ. ಎರಡು ಕಾಲಿನ ಅಭ್ಯಾಸ ಪಳಗಿದ ಮೇಲೆ ಒಂಟಿ ಕಾಲು. ‘ಇನ್ನೂ ಎರಡು ಆರಾಮಾಗಿ ಮಾಡಬಹುದಿತ್ತು’ ಅನ್ನಿಸಿದಾಗ ಮಾತ್ರ ಮುಂದಿನ ವಾರ ಭಾರ ಸ್ವಲ್ಪ ಹೆಚ್ಚಿಸಿ. ಟಿಪ್ಪು ಕಾಲದ ಹಿನ್ನೆಲೆಯ ಸ್ಟಡ್ ಫಾರ್ಮ್ ಇರುವ ಕುಣಿಗಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಸ್ ಕುದುರೆಯನ್ನೂ ಮೊದಲ ದಿನವೇ ಯಾರೂ ನಾಗಾಲೋಟಕ್ಕೆ ಬಿಡಲ್ಲ.

ಬೆಟ್ಟದ ಮೆಟ್ಟಿಲು

ಸಿದ್ಧಗಂಗೆ, ದೇವರಾಯನದುರ್ಗದ ಮೆಟ್ಟಿಲು ಹತ್ತಿದರೆ ಉಸಿರಿಗೆ ಕೆಲಸ. ಇಳಿಯುವಾಗ ತೊಡೆ ಸ್ನಾಯುಗಳು ಬ್ರೇಕ್‌ನಂತೆ ಕೆಲಸ ಮಾಡುತ್ತವೆ. ಓಡುತ್ತಾ ಗಕ್ಕನೆ ನಿಲ್ಲುವಾಗ ಆಟಕ್ಕೆ ಬೇಕಾಗೋದೂ ಇದೇ ಶಕ್ತಿ. ಮಾರನೇ ದಿನ ತೊಡೆ ಹಿಡಿದುಕೊಳ್ಳೋದೂ ಇಳಿದದ್ದಕ್ಕೇ. ಆದ್ದರಿಂದ ಓಡಿ ಇಳಿಯಬೇಡಿ, ಪಂದ್ಯದ ಹಿಂದಿನ ದಿನವಂತೂ ಬೇಡ.

ದಮ್ಮಿಗಾಗಿ ಅಂಕಣದಲ್ಲೇ ಈ ತುದಿಯಿಂದ ಆ ತುದಿಗೆ ಹೋಗಿ ಬರುವಂತೆ ವೇಗವಾಗಿ ಓಡಿ, ಒಂದು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ ಆರು ಸಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75-73ರಿಂದ. ಅಷ್ಟು ಬಿಗಿಯಾದ ಪಂದ್ಯದಲ್ಲಿ ಕೊನೆಯ ನಿಮಿಷಕ್ಕೂ ಕಾಲಲ್ಲಿ ಕಸುವು ಉಳಿದಿರಬೇಕು.

ಮನೆಯವರ ಮಾತು

‘ಭಾರ ಎತ್ತಿದ್ರೆ ಮಕ್ಕಳು ಕುಳ್ಳಾಗ್ತಾರೆ’ ಅನ್ನೋದು ಹಳೇ ಭಯ. ತಿಳಿದವರ ಕಣ್ಣಳತೆಯಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಬೆಳವಣಿಗೆ ಕುಂಠಿತವಾಗಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ‘ಬ್ಯಾಸ್ಕೆಟ್‌ಬಾಲ್ ಆಡಿದ್ರೆ ಉದ್ದ ಆಗ್ತಾರೆ’ ಅನ್ನೋದೂ ಅಷ್ಟೇ. ಆಟ ಉದ್ದ ಮಾಡಲ್ಲ, ಉದ್ದ ಇರೋರು ಆಟದಲ್ಲಿ ಉಳೀತಾರೆ!

ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ, ಮೊಸರು ಒಳ್ಳೇ ಆಹಾರವೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಆಟ ಮುಗಿದ ಮೇಲಿರಲಿ, ಆಟಕ್ಕೆ ಹೊರಡುವಾಗ ಬೇಡ.

ನಾವು ನಿಜಕ್ಕೂ ಕಳೆದುಕೊಳ್ಳುತ್ತಿರೋದು ನಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ರಾತ್ರಿ 10 ಗಂಟೆ ಹಾಸಿಗೆಯಲ್ಲಿರಲು ಪ್ರಯತ್ನಿಸಿದಾಗ ಅವರ ಓಟದ ವೇಗ, ಫ್ರೀ ಥ್ರೋ ಗುರಿ ಎರಡೂ ಸುಧಾರಿಸಿದವು. ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಐದಕ್ಕೇ ಎದ್ದು ರೈಲು ಹಿಡಿಯುವವರಿಗೆ ಹತ್ತು ಗಂಟೆ ಕನಸೇ ಸರಿ. ಆದರೆ ಶನಿವಾರ ರಾತ್ರಿಯಾದರೂ ಫೋನ್ ಬೇಗ ಕೆಳಗಿಡಬಹುದಲ್ಲ?

ಅಕಸ್ಮಾತ್ ಕಾಲು ಹೊರಳಿದರೆ ಬಿಸಿ ಎಣ್ಣೆ ಹಾಕಿ ನೀವಿಸಿ ‘ಉಳುಕು ತೆಗೆಸೋಕೆ’ ಹೋಗಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲನ್ನು ಎತ್ತರದಲ್ಲಿಡಿ. ನಾಲ್ಕು ಹೆಜ್ಜೆ ಇಡೋಕಾಗದಿದ್ದರೆ, ಅಥವಾ ಪಾದದ ಕೀಲಿನ ಮೂಳೆ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಬೇಕು. ಮೊದಲೇ ಮಂಡಿ ನೋವೋ, ಹೃದಯದ ತೊಂದರೆಯೋ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಮುಂದಿನ ಆರು ವಾರ, ವಾರಕ್ಕೆ ಎರಡು ಸಂಜೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡರ ನಡುವೆ ಕನಿಷ್ಠ ಒಂದು ದಿನ ಬಿಡುವಿರಲಿ. ರಿಂಗ್ ಎಲ್ಲಿಗೂ ಹೋಗಲ್ಲ, ಅಲ್ಲೇ 3.05 ಮೀಟರ್ ಎತ್ತರದಲ್ಲಿ ಕಾಯ್ತಿರುತ್ತೆ.